ಐಟಿಐ ಇಲ್ಲದಿದ್ದರೂ ಗಲ್ಫ್‌ಗೆ ಹೋಗಬಹುದು, ಕಾಗದಪತ್ರ ಸರಿಯಿದ್ದರೆ

ಮದ್ದೂರು, ಮಳವಳ್ಳಿ, ನಂಜನಗೂಡು ಕಡೆಯ ಎಷ್ಟೋ ಹುಡುಗರಿಗೆ ಗಾರೆ ಕೆಲಸ ಗೊತ್ತು, ಹೋಟೆಲ್ ಕೆಲಸ ಗೊತ್ತು, ಟ್ರ್ಯಾಕ್ಟರ್ ಓಡಿಸಲು ಬರುತ್ತದೆ. ಸರ್ಟಿಫಿಕೇಟ್ ಮಾತ್ರ ಇಲ್ಲ. ಸೌದಿ, ದುಬೈ, ಕತಾರ್‌ನಲ್ಲಿ ಹೆಲ್ಪರ್, ಕ್ಲೀನರ್, ಲೋಡರ್ ಕೆಲಸಕ್ಕೆ ಅದನ್ನು ಕೇಳುವುದೂ ಕಡಿಮೆ. ಕೆಡುವುದು ಹೆಚ್ಚಾಗಿ ಕಾಗದಪತ್ರದಲ್ಲಿ.

ಮೊದಲು ಹೆಸರು ಸರಿಮಾಡಿಕೊಳ್ಳಿ. ನಮ್ಮ ಕಡೆ ಅಂಕಪಟ್ಟಿಯಲ್ಲಿ 'ಮಹೇಶ ಎಂ.ಕೆ.' ಅಂತಿರುತ್ತದೆ, ಆಧಾರ್‌ನಲ್ಲಿ ಬರೀ 'ಮಹೇಶ'. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಎಲ್ಲ ದಾಖಲೆಯಲ್ಲೂ ಹೆಸರು, ಹುಟ್ಟಿದ ದಿನಾಂಕ ಒಂದೇ ಇದೆಯಾ ನೋಡಿ. ಆಮೇಲೆ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ. ದೊಡ್ಡವರಿಗೆ 36 ಪುಟದ್ದಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ. ಅಂದಹಾಗೆ, ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ತೆರೆಯುವ ಪ್ರಯೋಗ 2017ರಲ್ಲಿ ಮೊದಲು ಶುರುವಾದ ಊರುಗಳಲ್ಲಿ ಮೈಸೂರೂ ಒಂದು.

ಇನ್ನು 'ಇಸಿಆರ್'. ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ಕೆಲಸಕ್ಕೆ ಹೊರದೇಶಕ್ಕೆ ಹೊರಡುವ ಮುಂಚೆ ನಮ್ಮ ಸರ್ಕಾರದ ತಪಾಸಣೆ ಬೇಕು ಅನ್ನುವ ಗುರುತು. ಎಸ್ಸೆಸ್ಸೆಲ್ಸಿ ಪಾಸಾಗದವರಿಗೆ ಸಾಮಾನ್ಯವಾಗಿ ಇಸಿಆರ್ ಪಾಸ್‌ಪೋರ್ಟ್ ಬರುತ್ತದೆ. ಇದನ್ನು ಇಟ್ಟುಕೊಂಡು ಸೌದಿ, ಯುಎಇ, ಕುವೈತ್, ಒಮಾನ್, ಮಲೇಷ್ಯಾದಂಥ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಬೇಕು. 30 ವರ್ಷ ತುಂಬದ ಹೆಣ್ಣುಮಕ್ಕಳಿಗೆ ಈ ಅನುಮತಿ ಸಿಗುವುದಿಲ್ಲ.

ಏಜೆಂಟರು ಆಟ ಆಡುವುದು ಇಲ್ಲೇ. 'ಇಸಿಆರ್ ತಲೆನೋವು ಬೇಡ, ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ' ಅನ್ನುತ್ತಾರೆ. ಬೇಡವೇ ಬೇಡ. ವಿಸಿಟ್ ವೀಸಾದಲ್ಲಿ ದುಡಿದರೆ ಅಲ್ಲಿನ ಕಾನೂನಿನ ಕಣ್ಣಿಗೆ ತಪ್ಪಿತಸ್ಥರು ನೀವೇ. ಸಂಬಳ ಕೊಡಲಿಲ್ಲ ಅಂತ ದೂರು ಕೊಡಲೂ ಹೆದರಬೇಕಾಗುತ್ತದೆ. ವಲಸೆ ಅನುಮತಿಯ ದಾರಿಯಲ್ಲಿ ಹೋದರೆ ಕಂಪನಿಯ ಹೆಸರು, ಸಂಬಳ, ಒಪ್ಪಂದ ಎಲ್ಲವೂ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ದಾಖಲಾಗುತ್ತವೆ. ಓದು ಕಡಿಮೆ ಇದ್ದವರಿಗೆ ಇಸಿಆರ್ ಅಡ್ಡಿಗಿಂತ ಕಾವಲೇ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಏಜೆಂಟರ ನೋಂದಣಿ ಸಂಖ್ಯೆಯನ್ನೂ ಅದೇ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಸಂಖ್ಯೆ ಹೇಳದವರ ಹತ್ತಿರ ಟೀ ಕುಡಿದು ಎದ್ದು ಬನ್ನಿ. ಊರಿನ 'ಸಬ್ ಏಜೆಂಟ್' ನೆಂಟರೇ ಆಗಿದ್ದರೂ ಕಾನೂನಿನಲ್ಲಿ ಅವರಿಗೆ ಜಾಗ ಇಲ್ಲ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಒಂದೂವರೆ ಲಕ್ಷ, ಎರಡು ಲಕ್ಷ ಕೇಳಿದರೆ, ಅದಕ್ಕಾಗಿ ಗದ್ದೆ ಅಡವಿಡುವ ಮಾತು ಬಂದರೆ, ಅಲ್ಲಿಗೇ ನಿಲ್ಲಿಸಿ. ಕೊಟ್ಟ ದುಡ್ಡಿಗೆ ರಸೀದಿ ಬೇಕು. ಬ್ಯಾಂಕ್ ಮೂಲಕವೇ ಕೊಡಿ. ರಾಜ್ಯ ಸರ್ಕಾರದ್ದೇ ಆದ ಅಂತರರಾಷ್ಟ್ರೀಯ ವಲಸೆ ಕೇಂದ್ರವೂ ಇದೆ, ಅಲ್ಲೂ ವಿಚಾರಿಸಿ. ಥಾಯ್ಲೆಂಡ್‌ನಲ್ಲಿ 'ಡೇಟಾ ಎಂಟ್ರಿ' ಅಂತ ದೊಡ್ಡ ಸಂಬಳದ ಆಸೆ ತೋರಿಸಿ, ಮ್ಯಾನ್ಮಾರ್‌ನ ಆನ್‌ಲೈನ್ ವಂಚನೆ ಅಡ್ಡೆಗಳಿಗೆ ಸಾಗಿಸುವ ಜಾಲವೂ ಇದೆ. ಕೌಶಲ ಕೇಳದೆ ಭಾರಿ ಸಂಬಳ ಯಾರು ಕೊಡ್ತಾರೆ, ಅಲ್ವಾ?

ಒಪ್ಪಂದದಲ್ಲಿ ಮೂಲ ಸಂಬಳ, ಓವರ್‌ಟೈಮ್, ಊಟ, ವಸತಿ, ವಾಪಸ್ ಟಿಕೆಟ್ ಯಾರ ಲೆಕ್ಕ ಅಂತ ಬರೆದಿರಬೇಕು. ಓದಲು ಬಾರದಿದ್ದರೆ ಗೊತ್ತಿರುವವರಿಂದ ಓದಿಸಿಕೊಂಡೇ ಸಹಿ ಮಾಡಿ. ಗಲ್ಫ್‌ಗೆ ವೈದ್ಯಕೀಯ ತಪಾಸಣೆ ಮಾನ್ಯತೆ ಪಡೆದ ಕೇಂದ್ರದಲ್ಲೇ ಆಗಬೇಕು. ಇಸಿಆರ್‌ನವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಅನ್ನುವ ವಿಮೆ ಕಡ್ಡಾಯ. ಎರಡು ವರ್ಷದ ಕಂತು 275 ರೂಪಾಯಿ ಮತ್ತು ತೆರಿಗೆ. ಅಪಘಾತದಲ್ಲಿ ಸಾವಾದರೆ 10 ಲಕ್ಷದ ರಕ್ಷಣೆ.

ಅವಸರ ಇಲ್ಲದವರಿಗೆ ಒಂದು ಮಾತು. ಎಂಟನೇ ತರಗತಿ ಪಾಸಾದವರು ಸೇರಬಹುದಾದ ವೆಲ್ಡರ್ ಕೋರ್ಸ್ ಐಟಿಐಗಳಲ್ಲಿದೆ, ಒಂದೇ ವರ್ಷದ್ದು. ಹೆಲ್ಪರ್ ಆಗಿ ಹೋಗುವುದಕ್ಕೂ ವೆಲ್ಡರ್ ಆಗಿ ಹೋಗುವುದಕ್ಕೂ ಸಂಬಳದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ.

ಹೊರಡುವ ಮುಂಚೆ ಆ ದೇಶದ ಭಾರತೀಯ ರಾಯಭಾರ ಕಚೇರಿಯ ನಂಬರ್ ಬರೆದಿಟ್ಟುಕೊಳ್ಳಿ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಬುಡಕಟ್ಟಿನ ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಹುಣಸೂರು ಕಡೆಯವರೂ ಅವರಲ್ಲಿದ್ದರು. ಇಂಥ ಹೊತ್ತಿಗೇ ಆ ನಂಬರ್ ಬೇಕಾಗುವುದು. ಪಾಸ್‌ಪೋರ್ಟ್, ವೀಸಾ, ಒಪ್ಪಂದದ ಫೋಟೊ ತೆಗೆದು ಮನೆಯವರ ವಾಟ್ಸ್‌ಆ್ಯಪ್‌ಗೆ ಕಳುಹಿಸಿ. ಕೆಲಸಕ್ಕೆ ಸೇರಿದ ಮೇಲೆ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವ ಮಾಲೀಕರು ಈಗಲೂ ಇದ್ದಾರೆ. ಆಗ ಈ ಫೋಟೊಗಳು ಬೇಕಾಗುತ್ತವೆ.