ಕೀಲು ನೋವಿಗೆ ವ್ಯಾಯಾಮ: ಕುರ್ಚಿಯಿಂದಲೇ ಶುರು ಮಾಡಿ

ಬೆಳಗ್ಗೆ ಹಾಸಿಗೆಯಿಂದ ಇಳಿದಾಗ ಮಂಡಿ ಹಿಡಿದುಕೊಂಡಿರುತ್ತದೆ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತೀರಿ. ಸ್ವಲ್ಪ ಹೊತ್ತಿಗೆ ಸಡಿಲವಾಗುತ್ತದೆ. ಸಂಧಿವಾತ ಇರುವ ಅನೇಕರಿಗೆ ಇದು ದಿನನಿತ್ಯದ ಅನುಭವ. ಆ ನಾಲ್ಕು ಹೆಜ್ಜೆಯಲ್ಲೇ ಒಂದು ಸೂಚನೆ ಇದೆ: ಕೀಲಿಗೆ ಚಲನೆ ಬೇಕು.

ಎಲುಬಿನ ತುದಿಯಲ್ಲಿ ಕಾರ್ಟಿಲೇಜ್ ಎಂಬ ನುಣುಪಾದ ಹೊದಿಕೆ ಇರುತ್ತದೆ. ಅದಕ್ಕೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ಲೋಳೆಯಂಥ ದ್ರವದಿಂದಲೇ ಅದು ಪೋಷಣೆ ಪಡೆಯಬೇಕು. ಕಾಲು ಮಡಚಿ ಬಿಡಿಸಿದಾಗ ಆ ಹೊದಿಕೆ ಸ್ಪಂಜಿನ ಹಾಗೆ ಒತ್ತಿ, ಉಬ್ಬಿ, ದ್ರವವನ್ನು ಹೀರಿಕೊಳ್ಳುತ್ತದೆ. ನೋವೆಂದು ತಿಂಗಳುಗಟ್ಟಲೆ ಅಲ್ಲಾಡದೆ ಕೂತರೆ ಅದು ನಿಲ್ಲುತ್ತದೆ. ಜೊತೆಗೆ ತೊಡೆಯ ಸ್ನಾಯು ಸೊರಗುತ್ತದೆ. ಸ್ನಾಯು ಹೊರಬೇಕಾದ ಭಾರವೂ ಮಂಡಿಯ ಮೇಲೇ ಬೀಳುತ್ತದೆ.

ಶುರು ಮಾಡುವ ಮೊದಲು ಒಂದು ಮಾತು. ಕೀಲು ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಊದಿಕೊಂಡಿದ್ದರೆ, ಅದರ ಜೊತೆ ಜ್ವರವೂ ಇದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಕೀಲು ಬದಲಿಸುವ ಆಪರೇಷನ್ ಆಗಿದ್ದರೆ ಅಥವಾ ಹೃದಯದ ತೊಂದರೆ ಇದ್ದರೆ ಅವರನ್ನು ಕೇಳಿಯೇ ಶುರು ಮಾಡಿ. ರುಮಟಾಯ್ಡ್ ಸಂಧಿವಾತ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ದಾಳಿ ಮಾಡುವ ಬಗೆ) ಇರುವವರು ಕುತ್ತಿಗೆಯನ್ನು ಗಿರ್ರನೆ ತಿರುಗಿಸುವ, ಬಲವಾಗಿ ಬಗ್ಗಿಸುವ ವ್ಯಾಯಾಮ ಮಾಡಬಾರದು. ಅವರಲ್ಲಿ ಕೆಲವರಿಗೆ ಕುತ್ತಿಗೆಯ ಮೇಲ್ಭಾಗದ ಕೀಲು ಸಡಿಲವಾಗಿರುತ್ತದೆ.

ಎದ್ದ ಕೂಡಲೇ ವ್ಯಾಯಾಮ ಬೇಡ. ಬಿಗಿತ ಇಳಿದ ಮೇಲೆ ಸಮಯ ಮಾಡಿಕೊಳ್ಳಿ. ಬಿಸಿನೀರ ಸ್ನಾನದ ನಂತರ, ಇಲ್ಲವೇ 15 ನಿಮಿಷ ಬಿಸಿನೀರಿನ ಚೀಲ ಇಟ್ಟುಕೊಂಡ ನಂತರ ಮೈ ಹಗುರವಾಗಿರುತ್ತದೆ. ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಇಡಿ, ನೇರವಾಗಿ ಚರ್ಮಕ್ಕೆ ತಾಗಿಸಬೇಡಿ.

ಮೊದಲ ಹೆಜ್ಜೆ, ತೊಡೆ ಬಿಗಿ ಮಾಡುವುದು. ಹಾಸಿಗೆಯ ಮೇಲೆ ಕಾಲು ಚಾಚಿ ಕೂರಿ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ಮಂಡಿಯಿಂದ ಟವೆಲನ್ನು ಕೆಳಗೆ ಒತ್ತಿ. ತೊಡೆಯ ಮುಂಭಾಗ ಗಟ್ಟಿಯಾಗುವುದು ಕೈಗೆ ತಿಳಿಯುತ್ತದೆ. 5 ಎಣಿಸುವವರೆಗೆ ಹಿಡಿದು ಬಿಡಿ. ಉಸಿರು ಮಾತ್ರ ಕಟ್ಟಬೇಡಿ. 10 ಸಲ ಸಾಕು. ಇದರಲ್ಲಿ ಮಂಡಿ ಹೆಚ್ಚುಕಮ್ಮಿ ಅಲ್ಲಾಡುವುದೇ ಇಲ್ಲ, ಹಾಗಾಗಿ ನೋವು ಜಾಸ್ತಿ ಇರುವವರೂ ಇಲ್ಲಿಂದ ಶುರು ಮಾಡಬಹುದು.

ಎರಡನೆಯದು, ಹಿಮ್ಮಡಿ ಜಾರಿಸುವುದು. ಅಂಗಾತ ಮಲಗಿ, ಹಿಮ್ಮಡಿಯನ್ನು ಹಾಸಿಗೆಯ ಮೇಲೇ ಜಾರಿಸುತ್ತಾ ಮಂಡಿ ಮಡಚಿ. ಎಷ್ಟು ಬರುತ್ತದೋ ಅಷ್ಟೇ. ಮತ್ತೆ ನಿಧಾನಕ್ಕೆ ಚಾಚಿ.

ಮೂರನೆಯದು, ಕುರ್ಚಿಯಿಂದ ಎದ್ದು ಕೂರುವುದು. ಒಂದೇ ವ್ಯಾಯಾಮ ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ದಿನವಿಡೀ ನಾವು ಮಾಡುವ ಕೆಲಸವೇ ಇದು ಅಲ್ವಾ? ಕೈ ಇರುವ, ಗಟ್ಟಿಯಾದ, ಜಾರದ ಕುರ್ಚಿ ತೆಗೆದುಕೊಳ್ಳಿ. ಗೋಡೆಗೆ ಆನಿಸಿ ಇಡಿ. ಆಸನ ತಗ್ಗಾಗಿದ್ದರೆ ಗಟ್ಟಿ ದಿಂಬು ಹಾಕಿ ಎತ್ತರಿಸಿ, ಎತ್ತರವಾದಷ್ಟೂ ಮಂಡಿಗೆ ಸುಲಭ. ಅಂಚಿಗೆ ಸರಿದು ಕೂರಿ. ಪಾದಗಳನ್ನು ತುಸು ಹಿಂದಕ್ಕೆ ತಂದು, ಸೊಂಟದಷ್ಟು ಅಗಲಕ್ಕೆ ಇಡಿ. ಮೈ ಮುಂದಕ್ಕೆ ಬಾಗಿಸಿ ಎದ್ದು ನಿಲ್ಲಿ. ಮಂಡಿಗಳು ಒಳಕ್ಕೆ ವಾಲದೆ ಕಾಲ್ಬೆರಳ ದಿಕ್ಕಿಗೇ ಇರಲಿ. ಕೂರುವುದನ್ನು ಇನ್ನೂ ನಿಧಾನ ಮಾಡಿ, 3 ಎಣಿಸುತ್ತಾ. ದೊಪ್ಪನೆ ಕುಸಿದರೆ ಸ್ನಾಯುವಿಗೆ ಕೆಲಸವೇ ಸಿಗುವುದಿಲ್ಲ. ಮೊದಲ ವಾರ ಕೈ ಊರಿ 5 ಸಲ ಮಾಡಿದರೂ ಚೆನ್ನ. ಮುಂದೆ ಒಂದು ಕೈ, ಆಮೇಲೆ ಕೈ ಇಲ್ಲದೆ.

ಬೆರಳು ನೋಯುವವರು ಉಗುರುಬೆಚ್ಚಗಿನ ನೀರಲ್ಲಿ ಕೈ ಇಟ್ಟು, ಮುಷ್ಟಿಯನ್ನು ಸಡಿಲವಾಗಿ ಕಟ್ಟಿ ಬಿಡಿಸಿ. ಹೆಬ್ಬೆರಳಿನಿಂದ ಒಂದೊಂದೇ ಬೆರಳ ತುದಿ ಮುಟ್ಟಿ. ಚೆಂಡನ್ನು ಬಲವಾಗಿ ಹಿಸುಕುವುದು ಊದಿದ ಬೆರಳಿಗೆ ಒಳ್ಳೆಯದಲ್ಲ.

ಎಷ್ಟು ಮಾಡಬೇಕು? ಇಲ್ಲೇ ಎಡವುವವರು ಜಾಸ್ತಿ. ಒಳ್ಳೆಯ ದಿನ ಬಂತೆಂದು ಹುರುಪಿನಲ್ಲಿ ಒಂದು ಗಂಟೆ ಮಾಡಿ, ಮರುದಿನ ಏಳಲಾಗದೆ, 'ವ್ಯಾಯಾಮ ನನಗಲ್ಲ' ಎಂದು ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಫಿಸಿಯೋಥೆರಪಿಸ್ಟರು ಹೇಳುವ 2 ಗಂಟೆಯ ಲೆಕ್ಕ ನೆನಪಿಡಿ. ವ್ಯಾಯಾಮ ಮುಗಿದು 2 ಗಂಟೆಯಾದ ಮೇಲೂ ನೋವು ಮೊದಲಿಗಿಂತ ಹೆಚ್ಚಿದ್ದರೆ ಆ ದಿನ ಅತಿಯಾಯಿತು ಎಂದರ್ಥ. ಮುಂದಿನ ಸಲ ಕಡಿಮೆ ಮಾಡಿ, ನಿಲ್ಲಿಸಬೇಡಿ. ಮಾಡುವಾಗ ಸ್ವಲ್ಪ ನೋವು, ಸ್ನಾಯುವಿನಲ್ಲಿ ದಣಿವು ಇದ್ದೇ ಇರುತ್ತದೆ. ಅದಕ್ಕೆ ಹೆದರಬೇಕಿಲ್ಲ. ಚುಚ್ಚುವಂಥ ನೋವು, ಹೊಸದಾಗಿ ಊತ ಕಂಡರೆ ಮಾತ್ರ ಅಲ್ಲಿಗೇ ನಿಲ್ಲಿಸಿ.

ನೋವು ಕೆರಳಿದ ದಿನಗಳಲ್ಲಿ ಪೂರ್ತಿ ರಜೆ ಬೇಡ. ತೊಡೆ ಬಿಗಿ ಮಾಡುವುದು, ಕೀಲನ್ನು ಮೆಲ್ಲಗೆ ಮಡಚಿ ಬಿಡಿಸುವುದು, ಇಷ್ಟು ಸಾಕು. ಊತ ಇಳಿದ ಮೇಲೆ ಉಳಿದದ್ದು.

ನಡಿಗೆಯನ್ನು 5 ನಿಮಿಷದಿಂದ ಶುರು ಮಾಡಿ. ವಯಸ್ಕರಿಗೆ ವಾರಕ್ಕೆ 150 ನಿಮಿಷದ ಸಾಧಾರಣ ವೇಗದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಹತ್ತತ್ತು ನಿಮಿಷಗಳಾಗಿ ಒಡೆದುಕೊಂಡರೂ ಆಗುತ್ತದೆ. ಈಜುಕೊಳದ ಸೌಕರ್ಯ ಇದ್ದರೆ ಸೊಂಟದ ಮಟ್ಟದ ನೀರಲ್ಲಿ ನಡೆದು ನೋಡಿ. ಅಲ್ಲಿ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನೆಲದ ಮೇಲೆ ಕುಂಟುವವರು ಅಲ್ಲಿ ಆರಾಮಾಗಿ ಹೆಜ್ಜೆ ಹಾಕಬಹುದು.

ಊರುಗೋಲು ಹಿಡಿಯಲು ಸಂಕೋಚ ಬೇಡ. ಅದನ್ನು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಲ ಮಂಡಿ ನೋಯುತ್ತಿದ್ದರೆ ಎಡಗೈಯಲ್ಲಿ. ಮೆಟ್ಟಿಲು ಹತ್ತುವಾಗ ನೋವಿಲ್ಲದ ಕಾಲು ಮೊದಲು. ಇಳಿಯುವಾಗ ನೋವಿರುವ ಕಾಲು ಮೊದಲು, ಒಂದು ಕೈ ಕಂಬಿಯ ಮೇಲೆ.