ಆಫೀಸು ಖರ್ಚು

‘ಭ್ರಷ್ಟಾಚಾರ ಒಂದು ಸಾಮಾಜಿಕ ಪಿಡುಗು’ ಎಂಬ ಪ್ರಬಂಧವನ್ನು ನಾನು 18 ವರ್ಷಗಳಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಬರೆಸುತ್ತಾ ಬಂದಿದ್ದೇನೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಭಾಗಗಳಲ್ಲಿ, ಪೆಡಂಭೂತ, ಬೇರುಸಹಿತ, ಕಿತ್ತೊಗೆಯೋಣ ಮುಂತಾದ ಮಾತುಗಳನ್ನು ಎಲ್ಲಿ ಸೇರಿಸಿದರೆ ಅಂಕ ಬರುತ್ತದೆ ಎಂಬುದನ್ನೂ ಹೇಳಿಕೊಟ್ಟಿದ್ದೇನೆ. ಆದ್ದರಿಂದ ನಾನೇ ಅದೇ ವಿಷಯದ ಮೇಲೆ ಒಂದು ಲೇಖನ ಬರೆಯಲು ಕುಳಿತಾಗ ಕಷ್ಟವಾಗಲಾರದು ಎಂದುಕೊಂಡಿದ್ದೆ.

ಹಾಸನ ಜಿಲ್ಲೆಯಲ್ಲಿ, ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಅಂಚಿನಲ್ಲಿ ನಮ್ಮ ಊರಿದೆ. ಹೇಳಿಕೊಳ್ಳುವಂಥ ಆಸ್ತಿಯೇನೂ ಅಲ್ಲ. 2 ಎಕರೆ 14 ಗುಂಟೆ ಕಾಫಿ, ಅದರ ಮರಗಳಿಗೆ ಹಬ್ಬಿಸಿದ ಮೆಣಸು, ಕೊಟ್ಟಿಗೆಯಲ್ಲಿ ಎರಡು ಹಸು. ಬೆಳಗಿನ 5ರಿಂದ, ಡೈರಿಗೆ ಹಾಲು ಹಾಕಲು ಹೊರಡುವ 6.30ರವರೆಗೆ ಮಾತ್ರ ನನಗೆ ಬರವಣಿಗೆಯ ಬಿಡುವು. ಆ ಒಂದೂವರೆ ಗಂಟೆಯಲ್ಲಿ ಮೂರು ವಾರ ಬರೆದದ್ದನ್ನು ಒಂದು ಭಾನುವಾರ ಒಟ್ಟಿಗೆ ಓದಿ ನೋಡಿದರೆ, ಅದು ನನ್ನ ವಿದ್ಯಾರ್ಥಿಗಳ ಪ್ರಬಂಧವೇ ಆಗಿತ್ತು. ವಾಕ್ಯಗಳು ಮಾತ್ರ ಸ್ವಲ್ಪ ಉದ್ದವಾಗಿದ್ದವು. ‘ವ್ಯವಸ್ಥೆ’ ಎಂಬ ಪದ ಮೂರು ಪುಟಗಳಲ್ಲಿ 14 ಸಲ ಬಂದಿತ್ತು. ಒಬ್ಬನೇ ಒಬ್ಬ ಮನುಷ್ಯ ಅದರಲ್ಲಿ ಎಲ್ಲಿಯೂ ಕುರ್ಚಿಯ ಮೇಲೆ ಕುಳಿತಿರಲಿಲ್ಲ, ಯಾರ ಕೈಯೂ ಯಾರ ಕೈಗೂ ತಾಗಿರಲಿಲ್ಲ.

ಅದೇ ದಿನಗಳಲ್ಲಿ ನಾನು ಪೌತಿ ಖಾತೆಗಾಗಿ, ಎಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅಲೆಯುತ್ತಿದ್ದೆ. ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು, ಪಹಣಿಯಲ್ಲಿ ಇನ್ನೂ ಅವರ ಹೆಸರೇ ಇತ್ತು. ಮರಣ ಪ್ರಮಾಣಪತ್ರ ತೊಂದರೆಯಿಲ್ಲದೆ ಸಿಕ್ಕಿತು. ವಂಶವೃಕ್ಷಕ್ಕೆ ಹೋದಾಗ ತಡೆ ಬಂತು. ಆ ಕಚೇರಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಓದುವವರು ‘ಓ, ಅಲ್ಲಿಯದಾ’ ಎಂದು ತಲೆಯಾಡಿಸಿ, ತಮ್ಮ ಊರಿನ ಕಚೇರಿಯನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಎರಡು ಸಲ ಹೋದಾಗಲೂ ಅರ್ಜಿಯನ್ನು ಕೈಗೆ ತೆಗೆದುಕೊಂಡು ನೋಡಿ, ‘ಇದಕ್ಕೆ ಇನ್ನೊಂದು ದಾಖಲೆ ಬೇಕಲ್ಲ’ ಎಂದು ಹಿಂದಕ್ಕೆ ಕೊಟ್ಟರು. ಇದರ ಮರ್ಮ ನನಗೆ ತಡವಾಗಿ ತಿಳಿಯಿತು. ಅರ್ಜಿಯನ್ನು ದಾಖಲಿಸಿಕೊಂಡರೆ, ಸರ್ಕಾರಿ ಸೇವೆಯನ್ನು ಗೊತ್ತುಪಡಿಸಿದ ದಿನಗಳೊಳಗೆ ಕೊಡಬೇಕೆನ್ನುವ ಸಕಾಲ ಕಾನೂನಿನ 15 ಅಂಕಿಗಳ ಸಂಖ್ಯೆ ಕೊಡಬೇಕು, ಕೊಟ್ಟ ಮೇಲೆ ದಿನಗಳ ಎಣಿಕೆ ಆರಂಭವಾಗುತ್ತದೆ, ಗಡುವು ಮೀರಿದರೆ ಅರ್ಜಿದಾರನು ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ಅರ್ಜಿಯನ್ನೇ ದಾಖಲಿಸಿಕೊಳ್ಳದಿದ್ದರೆ ಇದಾವುದೂ ಇಲ್ಲ. 2012ರಿಂದ ನಡೆಯುತ್ತಿರುವ ಒಂದು ಒಳ್ಳೆಯ ಕಾನೂನನ್ನು ಮೇಜಿನ ಆ ಬದಿಯಲ್ಲಿ ಕುಳಿತವರು ಬರೀ ಕೈಸನ್ನೆಯಿಂದ ನಿಲ್ಲಿಸಿಬಿಡಬಲ್ಲರು.

ಮೂರನೆಯ ಸಲ ಅಮ್ಮನೂ ಜೊತೆಗೆ ಬಂದರು. ಬಸ್ಸಿನಲ್ಲಿ ಅವರದು ಶೂನ್ಯ ದರದ ಟಿಕೆಟ್ಟು, ನನ್ನದು 32 ರೂಪಾಯಿ. ಕಚೇರಿಯ ಹೊರಗಿನ ಜೆರಾಕ್ಸ್ ಅಂಗಡಿಯಾತ ನಮ್ಮ ಕಾಗದಗಳನ್ನು ನೋಡಿ, ‘ಮೇಷ್ಟ್ರೇ, ಒಳಗೆ ಎರಡು ಅಂತಾರೆ’ ಎಂದ. ‘ಎರಡು’ ಎಂದರೆ ಎರಡು ಸಾವಿರ ಎಂಬುದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ. ನಾನು ನಿಂತೇ ಇದ್ದೆ. ಅಮ್ಮ ಸೆರಗಿನ ಗಂಟು ಬಿಚ್ಚಿ, ‘ಕೊಟ್ಟು ಕೈ ತೊಳ್ಕೊ ಮಗ, ನಂಗೆ ಮತ್ತೆ ಮೆಟ್ಲು ಹತ್ತಕ್ಕಾಗಲ್ಲ’ ಎಂದರು. ಐನೂರರ ನಾಲ್ಕು ನೋಟುಗಳನ್ನು ಪಹಣಿಯ ಪ್ರತಿಯೊಳಗೆ ಮಡಿಸಿ, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕೊಟ್ಟೆ. ಒಳಗೆ ಕುಳಿತಿದ್ದ ನೌಕರ ಮೇಜಿನ ಡ್ರಾಯರನ್ನು ಮೊಣಕಾಲಿನಿಂದ ಒಂದಿಷ್ಟೇ ತೆರೆದ, ಕವರು ಅದರೊಳಗೆ ಹೋಯಿತು, ಪಹಣಿಯ ಪ್ರತಿ ಮಾತ್ರ ಹೊರಗೆ ಬಂತು. ‘ಅಮ್ಮ, ಟೀ ಕುಡೀತೀರಾ?’ ಎಂದು ಆತ ಕೇಳಿದ ದನಿಯಲ್ಲಿ ನಿಜವಾದ ವಿಶ್ವಾಸವಿತ್ತು. ಆ ವಿಶ್ವಾಸವೇ ಇಂದಿಗೂ ನನ್ನನ್ನು ಹೆಚ್ಚು ಕಾಡುತ್ತದೆ.

ಮರುದಿನ ಬೆಳಿಗ್ಗೆ 5ಕ್ಕೆ ಎದ್ದು ಲೇಖನ ಮುಂದುವರಿಸಿದೆ. ಅಧಿಕಾರಶಾಹಿಯ ಧನದಾಹದ ಬಗ್ಗೆ ಒಂದು ಪುಟ ಬರೆದೆ. ಹಿಂದಿನ ದಿನದ ನಾಲ್ಕು ನೋಟುಗಳ ಪ್ರಸ್ತಾಪ ಅದರಲ್ಲಿ ಎಲ್ಲಿಯೂ ಬರಲಿಲ್ಲ, ಬರಬೇಕು ಎಂದು ನನಗೆ ಹೊಳೆಯಲೂ ಇಲ್ಲ.

ಹೊಳೆದದ್ದು ಅಪ್ಪನ ಲೆಕ್ಕದ ಪುಸ್ತಕಗಳಿಂದ. ಕಂದಾಯ ರಸೀದಿ ಹುಡುಕಲೆಂದು ಅಟ್ಟದ ಟ್ರಂಕು ಇಳಿಸಿದಾಗ, ಅವರು ವರ್ಷಕ್ಕೊಂದರಂತೆ ಬರೆದಿಟ್ಟಿದ್ದ ಉದ್ದನೆಯ ಪುಸ್ತಕಗಳು ಸಿಕ್ಕವು. ಅಪ್ಪ ಏಳನೆಯ ತರಗತಿಗೆ ಶಾಲೆ ಬಿಟ್ಟವರು, ಒಂದು ವಾಕ್ಯವನ್ನೂ ವ್ಯರ್ಥವಾಗಿ ಬರೆದವರಲ್ಲ. ‘ಯೂರಿಯಾ 1 ಮೂಟೆ. ಕಾಫಿ ಕುಯ್ಲು ಆಳು 6. ಆಫೀಸು ಖರ್ಚು 200. ಮಗನ ಫೀಸು.’ ಗೊಬ್ಬರಕ್ಕೂ ನನ್ನ ಫೀಸಿಗೂ ನಡುವೆ, ಅದೇ ಶಾಯಿಯಲ್ಲಿ, ‘ಆಫೀಸು ಖರ್ಚು’ ವರ್ಷ ವರ್ಷವೂ ಬರುತ್ತಿತ್ತು. ಜಮೀನು ಅಳೆದು ಬೇರ್ಪಡಿಸುವ ಪೋಡಿಗೆ, ವಿದ್ಯುತ್ ಸಂಪರ್ಕಕ್ಕೆ, ಒಂದು ಕಡೆ ನನ್ನ ಜಾತಿ ಪ್ರಮಾಣಪತ್ರಕ್ಕೆ. ಆ ಪ್ರಮಾಣಪತ್ರದಿಂದ ಕಾಲೇಜು ಸೇರಿ ಮೇಷ್ಟ್ರಾದ ನಾನು ಈಗ ಧನದಾಹದ ಬಗ್ಗೆ ಬರೆಯುತ್ತಿದ್ದೆ. ಅಪ್ಪನಿಗೆ ಅದು ಕೋಪದ ವಿಷಯವಾಗಿರಲಿಲ್ಲ, ತೋಟದ ಖರ್ಚುಗಳಲ್ಲಿ ಒಂದಾಗಿತ್ತು. ಆದರೂ ತಾರೀಖು ಹಾಕಿದ್ದರು, ಮೊತ್ತ ಬರೆದಿದ್ದರು. ಆ ಮಟ್ಟಿಗೆ ನನ್ನ ಮೂರು ಪುಟಗಳಿಗಿಂತ ಅವರ ಒಂದು ಸಾಲಿನಲ್ಲಿ ನಿಜ ಹೆಚ್ಚಿತ್ತು. ಲೇಖನವನ್ನು ಹರಿದು ನೀರಿನ ಒಲೆಗೆ ಹಾಕಿದೆ.

ವಂಶವೃಕ್ಷ ಬಂತು, ಖಾತೆಯ ಅರ್ಜಿಯನ್ನೂ ಸ್ವೀಕರಿಸಿದರು, ಸಕಾಲದ ಸಂಖ್ಯೆಯೂ ಸಿಕ್ಕಿತು. ಆಮೇಲೆ ಗಡುವು ಕಳೆದು ಎರಡು ತಿಂಗಳಾದರೂ ಕಡತ ಅಲುಗಲಿಲ್ಲ. ಈ ಸಲ ‘ಐದು’ ಎಂಬ ಮಾತು ಬಂತು. ಕೊಡುವುದಿಲ್ಲ ಎಂದು ತೀರ್ಮಾನಿಸಿದ್ದು ಧೈರ್ಯದಿಂದಲೇನೂ ಅಲ್ಲ. ಆ ತಿಂಗಳು ಕೈಯಲ್ಲಿ ಐದು ಸಾವಿರ ಇರಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು.

2005ರ ಆ ಕಾಯ್ದೆಗೆ ನಮ್ಮ ರಾಜ್ಯ ಮಾಡಿಕೊಂಡಿರುವ ನಿಯಮಗಳಲ್ಲಿ ಒಂದು ಷರತ್ತು ಇದೆ: ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಪ್ರಶ್ನೆ ಕೇಳುವವರ ಬಾಯಿಗೆ ಹಾಕಿದ ಬೀಗವೆಂದು ಅದನ್ನು ದೂರುವವರಿದ್ದಾರೆ, ಆ ದೂರಿನಲ್ಲಿ ಹುರುಳೂ ಇದೆ. ನನಗೆ ಮಾತ್ರ ಅದು ಬರವಣಿಗೆಯ ಪಾಠವಾಯಿತು. ನನ್ನ ಮೊದಲ ಕರಡಿನಲ್ಲಿ 410 ಪದಗಳಿದ್ದವು. ‘ಬಡ ರೈತನಾದ ನಾನು’ ಎಂಬುದನ್ನು ಮೊದಲು ಹೊಡೆದುಹಾಕಿದೆ, ಏಕೆಂದರೆ ಮಾಹಿತಿ ಏಕೆ ಬೇಕೆಂದು ಅರ್ಜಿದಾರ ಕಾರಣ ಹೇಳಬೇಕಾಗಿಲ್ಲ. ಕಾರಣ ಹೋದ ಮೇಲೆ ಗೋಳಿಗೂ ಜಾಗವಿರಲಿಲ್ಲ. ‘ವಿನಾಕಾರಣ’, ‘ಸತಾಯಿಸುತ್ತಿದ್ದಾರೆ’, ‘ದಯಮಾಡಿ’, ‘ಘನ ಸರ್ಕಾರ’ ಎಲ್ಲವೂ ಹೋದವು. ‘ಏಕೆ ವಿಳಂಬವಾಗಿದೆ?’ ಎಂಬ ಪ್ರಶ್ನೆಯೂ ಹೋಯಿತು. ಕಚೇರಿಯಲ್ಲಿರುವ ದಾಖಲೆಯನ್ನು ಕೇಳಬಹುದೇ ಹೊರತು ಅಭಿಪ್ರಾಯವನ್ನಲ್ಲ, ‘ಏಕೆ’ ಎಂದು ಕೇಳಿದವರಿಗೆ ಕೊಡಲಾಗದು ಎಂಬ ಹಿಂಬರಹವನ್ನು ಸುಲಭವಾಗಿ ಕೊಟ್ಟುಬಿಡುತ್ತಾರೆ ಎಂದು ಆ ಸಹೋದ್ಯೋಗಿಯೇ ಎಚ್ಚರಿಸಿದ್ದರು. ನಾಲ್ಕು ಬೆಳಗುಗಳ ನಂತರ ಉಳಿದದ್ದು ಇಷ್ಟು: ನನ್ನ ಅರ್ಜಿಯ ಸಂಖ್ಯೆ ಮತ್ತು ದಿನಾಂಕ, ಅದು ಅಂದಿನಿಂದ ಯಾವ ಯಾವ ನೌಕರರ ಬಳಿ ಎಷ್ಟೆಷ್ಟು ದಿನ ಇತ್ತು, ಅವರ ಹೆಸರು ಮತ್ತು ಹುದ್ದೆ, ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ. ಒಟ್ಟು 61 ಪದಗಳು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅಂಚೆಗೆ ಹಾಕಿದಾಗ, ನನ್ನ ಜೀವನದಲ್ಲಿ ಇಷ್ಟು ಒಳ್ಳೆಯ ಗದ್ಯವನ್ನು ಬರೆದಿಲ್ಲ ಎನಿಸಿತು. ಸಣ್ಣ ಜಂಬವೆಂದರೂ ಸರಿಯೇ.

30 ದಿನಗಳ ಕಾಯುವಿಕೆಯ ನಡುವೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ಹೋಗಿದ್ದೆ. ಸುಮಾರು ಕ್ರಿ.ಶ. 450ರದೆಂದು ಹೇಳುವ ಶಾಸನದ ಪ್ರತಿಕೃತಿ ಅಲ್ಲಿದೆ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಎಂದಷ್ಟೇ ನಾನು ಪಾಠದಲ್ಲಿ ಹೇಳುತ್ತಿದ್ದೆ. ಅದು ಜಮೀನಿನ ದಾಖಲೆ ಎಂಬುದು ಆ ದಿನ ಬೇರೆಯೇ ಬಗೆಯಲ್ಲಿ ಕಣ್ಣಿಗೆ ಬಿತ್ತು: ಯಾರು, ಯಾರಿಗೆ, ಯಾವ ಊರುಗಳನ್ನು, ಯಾವ ಪರಾಕ್ರಮಕ್ಕಾಗಿ ಕೊಟ್ಟರು, ಯಾರ ಎದುರಿನಲ್ಲಿ ಕೊಟ್ಟರು, ಅದನ್ನು ಕೆಡಿಸಿದವನಿಗೆ ಮಹಾಪಾತಕ. ಇಷ್ಟೂ 16 ಸಾಲುಗಳಲ್ಲಿ ಮುಗಿಯುತ್ತದೆ. ಶಾಪ ಕೂಡ ಬರುವುದು ವಿವರದ ನಂತರವೇ.

29ನೆಯ ದಿನ ಬಂದ ಉತ್ತರದಲ್ಲಿ ‘ಕಡತ ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲು ಇತ್ತು. ಮೊದಲ ಮೇಲ್ಮನವಿ ಸಲ್ಲಿಸಿದೆ. ಅದರ ವಿಚಾರಣೆಗೆ ಮೊದಲೇ ಖಾತೆ ಬದಲಾಯಿತು. ಪಹಣಿಯಲ್ಲಿ ಅಮ್ಮನ ಮತ್ತು ನನ್ನ ಹೆಸರು ಬಂತು. ನಾನು ಕೇಳಿದ್ದ ಟಿಪ್ಪಣಿ ಹಾಳೆಗಳು ಇಂದಿಗೂ ಬಂದಿಲ್ಲ. ಕೆಲಸವಾಯಿತಲ್ಲ ಎಂದು ನಾನೂ ಮೇಲ್ಮನವಿಯನ್ನು ಬೆನ್ನು ಹತ್ತಲಿಲ್ಲ, ಇದು ನನ್ನ ತಪ್ಪು. ಐದು ಸಾವಿರ ಕೊಟ್ಟು ಸುಮ್ಮನಾದವರ ಕಡತಗಳು ಎಷ್ಟು ದಿನ ಯಾರ ಬಳಿ ಇದ್ದವೆಂದು ತಿಳಿಯಲು ಆ ಹಾಳೆಗಳಿಂದ ಒಂದು ದಾರಿಯಾಗುತ್ತಿತ್ತೇನೋ.

ಲೇಖನಕ್ಕೆ ಮತ್ತೆ ಕುಳಿತದ್ದು ದೀಪಾವಳಿಯ ಹೊತ್ತಿಗೆ, ಹಾಸನಾಂಬೆಯ ಬಾಗಿಲು ತೆರೆದು ಊರಿನವರೆಲ್ಲ ದರ್ಶನದ ಸಾಲಿನಲ್ಲಿ ನಿಂತಿದ್ದ ದಿನಗಳಲ್ಲಿ. ಮೊದಲ ವಾಕ್ಯ ‘ನಾನು 2000 ರೂಪಾಯಿ ಲಂಚ ಕೊಟ್ಟೆ’ ಎಂದಾಗಬೇಕಿತ್ತು. ಆ ನಾಲ್ಕೈದು ಪದಗಳನ್ನು ಬರೆಯಲು ಎರಡು ವಾರ ಹಿಡಿಯಿತು. ‘ಕೊಡಬೇಕಾಗಿ ಬಂತು’ ಎಂದು ಬರೆದೆ, ಹೊಡೆದೆ. ‘ಕೊಡಿಸಿಕೊಂಡರು’ ಎಂದು ಬರೆದೆ, ಹೊಡೆದೆ. ಕರ್ತೃವನ್ನು ಮರೆಮಾಡಲು ಕನ್ನಡದಲ್ಲಿ ಇಷ್ಟು ಕ್ರಿಯಾರೂಪಗಳಿವೆ ಎಂಬುದು ವ್ಯಾಕರಣ ಪಾಠ ಮಾಡುವ ನನಗೇ ಗೊತ್ತಿರಲಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ, ಬಲವಂತಕ್ಕೆ ಸಿಕ್ಕಿ ಕೊಟ್ಟವರು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಬೇಕು ಎಂಬುದನ್ನು ಓದಿದ್ದು ಆಗಲೇ. ನನ್ನ 7 ದಿನಗಳು ಯಾವಾಗಲೋ ಮುಗಿದುಹೋಗಿದ್ದವು. ವಾಕ್ಯ ಹಾಗೆಯೇ ಇರಲಿ ಎಂದುಕೊಂಡೆ.

ಅಪ್ಪನ ಹಾಗೆ ನಾನೂ ಈಗ ಒಂದು ಉದ್ದನೆಯ ಪುಸ್ತಕ ಇಟ್ಟುಕೊಂಡಿದ್ದೇನೆ. ಬಸ್ಸು 32, ಜೆರಾಕ್ಸ್ 18, ಪೋಸ್ಟಲ್ ಆರ್ಡರ್ 10 ಎಂಬ ಸಾಲುಗಳ ಮೇಲೆ, ಅಮ್ಮನ ಜೊತೆ ಹೋದ ದಿನದ ತಾರೀಖಿಗೆ, ‘ಲಂಚ 2000’ ಎಂದು ಬರೆದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿ, ‘ಅದನ್ನ ಯಾಕೆ ಹಾಗೆ ಬರ್ದೆ? ಅಪ್ಪ ಬರೀತಿದ್ದಂಗೆ ಬರಿ, ಮಕ್ಕಳು ನೋಡ್ತಾವೆ’ ಎಂದರು. ನೋಡಲಿ ಎಂದೆ. ಅಪ್ಪನ ಪುಸ್ತಕಗಳನ್ನು ಒರೆಸಿ ಮತ್ತೆ ಟ್ರಂಕಿನಲ್ಲಿಟ್ಟೆ; ಅವರು ಬರೆದ ಸಾಲುಗಳನ್ನು ನಾನು ತಿದ್ದಿಲ್ಲ.