ಪಿಯು ಮುಗಿಸಿ ಶಿವಮೊಗ್ಗಕ್ಕೆ ಹೊರಡುವವರು ಮಳೆಗೆ ಮುಂಚೆ ಮಾಡಿಕೊಳ್ಳಬೇಕಾದ ತಯಾರಿ

ಮಲೆನಾಡಿನ ಮನೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳು ಮಳೆಗಾಲದ ತಯಾರಿಗೆ ಮೀಸಲು. ಸೌದೆ ಕೊಟ್ಟಿಗೆ ಸೇರಬೇಕು, ಹಲಸಿನ ಹಪ್ಪಳ ಒಣಗಬೇಕು, ಮಾವಿನಮಿಡಿ ಉಪ್ಪಿಗೆ ಬೀಳಬೇಕು, ಜರುಗಿದ ಹೆಂಚುಗಳನ್ನು ಸರಿಪಡಿಸಬೇಕು. ದ್ವಿತೀಯ ಪಿಯು ಪರೀಕ್ಷೆ ಮುಗಿಸಿ ಕಾಲೇಜು ಸೇರಲಿರುವ ಮಕ್ಕಳಿಗೂ ತಯಾರಿಗೆ ಸಿಗುವುದು ಇದೇ ಎರಡು ತಿಂಗಳು. ಏಕೆಂದರೆ ಪದವಿ ಕಾಲೇಜುಗಳ ಪ್ರವೇಶ ಬಿರುಸಾಗುವ ಹೊತ್ತಿಗೆ ನಮ್ಮಲ್ಲಿ ಮಳೆಯೂ ಬಿರುಸಾಗಿರುತ್ತದೆ. ಬಿಸಿಲಿನಲ್ಲಿ ಅರ್ಧ ದಿನಕ್ಕೆ ಮುಗಿಯುವ ಕಚೇರಿ ಕೆಲಸ ಜುಲೈ ತಿಂಗಳಿನಲ್ಲಿ ಕರೆಂಟಿಲ್ಲ, ಸರ್ವರ್ ಇಲ್ಲ, ಬಸ್ಸು ಬರಲಿಲ್ಲ ಎಂಬ ಕಾರಣಗಳಿಂದ ವಾರಗಟ್ಟಲೆ ಎಳೆಯುತ್ತದೆ. ಆದ್ದರಿಂದ ಕಾಗದಪತ್ರ, ಫೋನು, ವಸತಿ ಮತ್ತು ಬಟ್ಟೆ ಈ ನಾಲ್ಕನ್ನು ಮಳೆಗೆ ಮುಂಚೆ ಮುಗಿಸಿಕೊಳ್ಳಬೇಕು. ಓದು, ಊಟ ಮತ್ತು ಗೆಳೆತನಗಳು ಅಲ್ಲಿಗೆ ಹೋದ ಮೇಲೆ ಹೊಂದಿಕೊಳ್ಳುತ್ತವೆ. ಅವುಗಳ ಬಗ್ಗೆ ಮನೆಯಲ್ಲಿ ಕುಳಿತು ಚಿಂತಿಸಿ ಪ್ರಯೋಜನವಿಲ್ಲ.

ಕಾಗದಪತ್ರಗಳು

ಮೊದಲು ಶಾಲೆಯಿಂದ ಆರಂಭಿಸುವುದು ಒಳ್ಳೆಯದು. ಎಂಜಿನಿಯರಿಂಗ್, ಕೃಷಿ ಮುಂತಾದ ಪದವಿಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿ ಮೂಲಕ ಸೀಟು ಬಯಸುವವರು ಗ್ರಾಮೀಣ ಮೀಸಲಾತಿ ಅಥವಾ ಕನ್ನಡ ಮಾಧ್ಯಮ ಮೀಸಲಾತಿ ಕೇಳುವುದಾದರೆ ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿದ್ದೇವೆ ಎಂಬುದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕಾಗುತ್ತದೆ. ಪ್ರಾಥಮಿಕ ಶಾಲೆ ಒಂದು ಕಡೆ, ಪ್ರೌಢಶಾಲೆ ಇನ್ನೊಂದು ಕಡೆ ಆಗಿದ್ದರೆ ಎರಡೂ ಕಡೆ ಓಡಾಡಬೇಕು. ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಬೇಸಿಗೆ ರಜೆ ಆರಂಭವಾಗಿ ಮೇ ಕೊನೆಯವರೆಗೂ ಮುಂದುವರಿಯುವುದರಿಂದ, ಆ ಅವಧಿಯಲ್ಲಿ ಮುಖ್ಯೋಪಾಧ್ಯಾಯರನ್ನು ಅವರ ಊರಿಗೇ ಹುಡುಕಿಕೊಂಡು ಹೋಗಬೇಕಾಗುತ್ತದೆ. ಪಿಯು ಪರೀಕ್ಷೆ ಮುಗಿದ ಮರುದಿನವೇ ಈ ಕೆಲಸಕ್ಕೆ ಹೊರಡುವುದು ಜಾಣತನ. ಮಕ್ಕಳಿಲ್ಲದೆ ಬಾಗಿಲು ಹಾಕಿದ ಶಾಲೆಗಳು ನಮ್ಮ ಭಾಗದಲ್ಲಿ ಕಡಿಮೆಯೇನಿಲ್ಲ. ಅಂಥ ಶಾಲೆಯಲ್ಲಿ ಓದಿದವರು ಹಳೆಯ ದಾಖಲೆಗಳು ಯಾವ ಶಾಲೆಗೆ ಹೋಗಿವೆ ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು.

ಎರಡನೆಯದು ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಮನೆಯ ಟ್ರಂಕಿನಲ್ಲಿ ಹೈಸ್ಕೂಲು ಕಾಲದ ಒಂದು ಪ್ರತಿ ಇರುತ್ತದೆ, ಅದೇ ಸಾಕು ಎಂದು ಹಿರಿಯರು ಹೇಳುವುದುಂಟು. ಆದಾಯ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಅದು ಮುಗಿದಿದೆಯೇ ಎಂದು ದಿನಾಂಕ ನೋಡಿ, ಮುಗಿದಿದ್ದರೆ ಹೊಸದಕ್ಕೆ ಅರ್ಜಿ ಹಾಕಬೇಕು. ಪ್ರಮಾಣಪತ್ರದ ಮೇಲಿರುವ ಆರ್‌ಡಿ ಎಂದು ಆರಂಭವಾಗುವ ಉದ್ದನೆಯ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಸಿಇಟಿ ಅರ್ಜಿಯಿರಲಿ, ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶವಾದ ಎಸ್‌ಎಸ್‌ಪಿ ಇರಲಿ, ಅಲ್ಲಿ ಕೇಳುವುದು ಕಾಗದಕ್ಕಿಂತ ಹೆಚ್ಚಾಗಿ ಆ ಸಂಖ್ಯೆಯನ್ನು.

ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಹೆಸರಿನ ಸಮಸ್ಯೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಅದರ ಬದಲು ತಂದೆಯ ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಪುಸ್ತಕದಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಜಾತಿ ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಇಲ್ಲ: ಹೀಗೆ ಒಬ್ಬನೇ ಹುಡುಗ ನಾಲ್ಕು ಕಡೆ ನಾಲ್ಕು ಹೆಸರಿನವನಾಗಿರುತ್ತಾನೆ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ವ್ಯಕ್ತಿಗಳು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚಾಗಿದ್ದರೂ ತೊಂದರೆಯೇ. ಎಲ್ಲ ದಾಖಲೆಗಳನ್ನೂ ಜಗುಲಿಯ ಮೇಲೆ ಹರಡಿ, ಹೆಸರು, ತಂದೆಯ ಹೆಸರು ಮತ್ತು ಜನ್ಮದಿನಾಂಕಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು. ಬದಲಾಯಿಸುವುದಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೂಲವಾಗಿಟ್ಟುಕೊಂಡು ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನು ಅದಕ್ಕೆ ಹೊಂದಿಸುವುದು ಸುಲಭ. ಅಂಕಪಟ್ಟಿಯನ್ನು ತಿದ್ದಿಸುವ ದಾರಿ ಬಹಳ ದೂರದ್ದು. ಬ್ಯಾಂಕಿನಲ್ಲಿ ವಿದ್ಯಾರ್ಥಿಯ ಹೆಸರಿನಲ್ಲಿಯೇ ಖಾತೆ ಇರಬೇಕು ಮತ್ತು ಆ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಸರ್ಕಾರದ ವಿದ್ಯಾರ್ಥಿವೇತನ ಆಧಾರ್ ಜೋಡಣೆಯಾದ ಖಾತೆಯನ್ನೇ ಹುಡುಕಿಕೊಂಡು ಹೋಗುತ್ತದೆ. ನೀವು ಅರ್ಜಿಯ ಜೊತೆ ಯಾವ ಪಾಸ್‌ಪುಸ್ತಕದ ಜೆರಾಕ್ಸ್ ಕೊಟ್ಟಿದ್ದೀರಿ ಎಂಬುದು ಅದಕ್ಕೆ ಮುಖ್ಯವಲ್ಲ.

ಮೂಲ ಅಂಕಪಟ್ಟಿಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಆ ಕವರನ್ನು ಇನ್ನೊಂದು ಫೈಲಿನೊಳಗೆ ಇಟ್ಟರೆ ಮಳೆಯಲ್ಲಿ ಬಸ್ಸಿನಿಂದ ಇಳಿದು ಓಡುವಾಗಲೂ ಭಯವಿಲ್ಲ. ಪ್ರತಿಯೊಂದರ ಐದಾರು ಜೆರಾಕ್ಸ್ ಪ್ರತಿಗಳನ್ನೂ ಸ್ಕ್ಯಾನ್ ಮಾಡಿದ ಪ್ರತಿಗಳನ್ನೂ ಸಿದ್ಧವಾಗಿಟ್ಟುಕೊಳ್ಳಬೇಕು. ವರ್ಗಾವಣೆ ಪ್ರಮಾಣಪತ್ರದ ಮೂಲವನ್ನು, ಅಂದರೆ ಟಿಸಿಯನ್ನು, ಕಾಲೇಜು ತೆಗೆದುಕೊಳ್ಳುವುದು ಸಹಜ. ಉಳಿದ ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿಯೇ ಸೂಚಿಸಿದೆ. ಆದರೂ ಯಾವುದಾದರೂ ಕಚೇರಿಯಲ್ಲಿ ಇಟ್ಟುಕೊಂಡರೆ, ಏನೇನು ಕೊಟ್ಟಿದ್ದೇವೆ ಎಂದು ಬರೆದು ಮೊಹರು ಹಾಕಿಸಿದ ಸ್ವೀಕೃತಿ ಪತ್ರ ಪಡೆಯದೆ ಅಲ್ಲಿಂದ ಏಳಬಾರದು.

ಅಪ್ಪನ ಫೋನು ಮತ್ತು ಓಟಿಪಿ

ಪದವಿ ಕಾಲೇಜುಗಳ ಪ್ರವೇಶ ರಾಜ್ಯದ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್ ತಂತ್ರಾಂಶದ ಮೂಲಕ, ಎಂಜಿನಿಯರಿಂಗ್ ಮತ್ತು ಕೃಷಿ ಪದವಿಗಳದ್ದು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ. ಎರಡಕ್ಕೂ ಮೊಬೈಲಿಗೆ ಬರುವ ಓಟಿಪಿ ಬೇಕು. ನಮ್ಮ ಊರುಗಳಲ್ಲಿ ಇದು ಹೇಗೆ ಕೈಕೊಡುತ್ತದೆಂದರೆ, ಆಧಾರ್‌ಗೆ ಜೋಡಿಸಿರುವುದು ಅಪ್ಪನ ನಂಬರು, ಅಪ್ಪ ಇರುವುದು ನೆಟ್‌ವರ್ಕ್ ಸಿಗದ ತೋಟದಲ್ಲಿ, ಮಗಳು ಕುಳಿತಿರುವುದು ತೀರ್ಥಹಳ್ಳಿಯ ಸೈಬರ್ ಸೆಂಟರಿನಲ್ಲಿ, ಓಟಿಪಿಗೆ ಇರುವುದು ಕೆಲವೇ ನಿಮಿಷದ ಆಯುಷ್ಯ. ಅಪ್ಪ ಗುಡ್ಡ ಹತ್ತುವುದರೊಳಗೆ ಅದು ಮುಗಿದಿರುತ್ತದೆ. ಬೇಸಿಗೆಯಲ್ಲಿಯೇ ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮ ಜೊತೆಯಲ್ಲೇ ಇರುವ ನಂಬರನ್ನು ಜೋಡಿಸಿಕೊಳ್ಳಿ, ಮತ್ತು ಪದವಿ ಮುಗಿಯುವವರೆಗೆ ಅದನ್ನು ಬದಲಾಯಿಸಬೇಡಿ. ಲಾಗಿನ್ ಹೆಸರು ಮತ್ತು ಪಾಸ್‌ವರ್ಡ್‌ಗಳನ್ನು ಸೈಬರ್ ಸೆಂಟರಿನವರು ಸೃಷ್ಟಿಸಿಕೊಟ್ಟಿದ್ದರೂ ನೀವೇ ಬರೆದಿಟ್ಟುಕೊಳ್ಳಬೇಕು. ಮುಂದಿನ ಸೆಮಿಸ್ಟರಿನ ಪರೀಕ್ಷಾ ಅರ್ಜಿಗೂ ಅದೇ ಬೇಕಾಗುತ್ತದೆ.

ಎಂಜಿನಿಯರಿಂಗ್ ಸೀಟು ಹಂಚಿಕೆ ಹಲವು ಸುತ್ತುಗಳಲ್ಲಿ ನಡೆಯುವುದರಿಂದ ಅದರ ತರಗತಿಗಳು ಬಿಎ, ಬಿಕಾಂ, ಬಿಎಸ್‌ಸಿಗಿಂತ ತಡವಾಗಿ ಆರಂಭವಾಗುತ್ತವೆ. ಸೀಟು ಸಿಗದಿದ್ದರೆ ಎಂಬ ಅಂಜಿಕೆಯಿಂದ ಮೊದಲು ಪದವಿ ಕಾಲೇಜಿಗೆ ಸೇರಿಕೊಳ್ಳುವವರು, ಮುಂದೆ ಬಿಟ್ಟು ಹೋಗಬೇಕಾಗಿ ಬಂದರೆ ಶುಲ್ಕ ಮತ್ತು ಟಿಸಿ ಹಿಂದಿರುಗಿಸುವ ನಿಯಮವೇನು ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಬೇಕು. ಬಿಎಸ್‌ಸಿ ಕೃಷಿಗೆ ಕೃಷಿಕರ ಕೋಟಾದಲ್ಲಿ ಪ್ರಯತ್ನಿಸುವವರಿಗೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಹತ್ತಿರದಲ್ಲಿಯೇ ಇದ್ದರೂ, ತೋಟದ ಮನೆಯ ಮಕ್ಕಳೇ ಈ ಕೋಟಾದ ಬಗ್ಗೆ ತಡವಾಗಿ ಕೇಳುತ್ತಾರೆಂಬುದು ನನಗೆ ಯಾವಾಗಲೂ ವಿಚಿತ್ರವಾಗಿ ಕಾಣುತ್ತದೆ.

ಎಲ್ಲಿ ಇರುವುದು

ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರ್, ಸಾಗರದಿಂದ ಸುಮಾರು 70 ಕಿಲೋಮೀಟರ್. ಪೇಟೆಯಿಂದ ಪೇಟೆಗೆ ಇಷ್ಟು; ಹಳ್ಳಿಯಿಂದ ಪೇಟೆಗೆ ಬರುವ ದಾರಿ ಬೇರೆ. ದಿನವೂ ಓಡಾಡುತ್ತೇನೆ ಎನ್ನುವವರು ಮೇ ತಿಂಗಳ ಒಣ ರಸ್ತೆಯ ವೇಳೆಯನ್ನು ಲೆಕ್ಕ ಹಿಡಿಯಬಾರದು, ಮರ ಬಿದ್ದ ರಸ್ತೆಯ ವೇಳೆಯನ್ನು ಹಿಡಿಯಬೇಕು. ಸಾಗರ ಮತ್ತು ಆನಂದಪುರದ ಕಡೆಯವರಿಗೆ ತಾಳಗುಪ್ಪ ಮಾರ್ಗದ ರೈಲಿನ ಮಾಸಿಕ ಪಾಸು ಒಂದು ಅನುಕೂಲ. ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗದ ಮಕ್ಕಳು ಲಾಂಚಿನ ಕೊನೆಯ ಸುತ್ತಿಗೆ ಕಟ್ಟುಬಿದ್ದು ಓದಬೇಕಾಗಿದ್ದ ಪರಿಸ್ಥಿತಿ 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಬದಲಾಗಿದೆ. ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಪ್ರಯಾಣ ಉಚಿತವಾಗಿದ್ದರೂ, ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ ಆದ್ದರಿಂದ ಪೂರ್ತಿ ದಾರಿ ಉಚಿತ ಎಂದುಕೊಳ್ಳುವಂತಿಲ್ಲ. ಇನ್ನೊಂದು ಮಾತು. ಜೋರು ಮಳೆಯ ದಿನ ಜಿಲ್ಲಾಧಿಕಾರಿಗಳು ಘೋಷಿಸುವ ರಜೆ ಬಹುತೇಕ ಶಾಲೆ ಮತ್ತು ಪಿಯು ಕಾಲೇಜುಗಳಿಗೆ, ಅದೂ ಕೆಲವು ತಾಲ್ಲೂಕುಗಳಿಗೆ ಮಾತ್ರ ಸೀಮಿತವಾಗಿರುತ್ತದೆ. ಹೊಸನಗರದಲ್ಲಿ ತಮ್ಮ ಬೆಚ್ಚಗೆ ಮಲಗಿರುವಾಗ ಶಿವಮೊಗ್ಗದಲ್ಲಿ ಅಕ್ಕನ ತರಗತಿ ನಡೆಯುತ್ತಿರುತ್ತದೆ, ಹಾಜರಿಯೂ ಹೋಗುತ್ತಿರುತ್ತದೆ.

ನನ್ನ ಅಭಿಪ್ರಾಯದಲ್ಲಿ, ಒಂದೂವರೆ ಗಂಟೆಗಿಂತ ಹೆಚ್ಚು ದೂರದವರು ಮೊದಲ ವರ್ಷವಾದರೂ ಹಾಸ್ಟೆಲಿನಲ್ಲಿರುವುದು ಮೇಲು. ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ಪ್ರತ್ಯೇಕವಾಗಿ ಆನ್‌ಲೈನ್ ಅರ್ಜಿ ಹಾಕಬೇಕು. ಕಾಲೇಜಿಗೆ ಸೇರಿದ ಮಾತ್ರಕ್ಕೆ ಹಾಸ್ಟೆಲು ತಾನಾಗಿ ಸಿಗುವುದಿಲ್ಲ. ನೆಂಟರ ಮನೆಯಲ್ಲಿರುವುದು ಅಗ್ಗವೆಂದು ಕಂಡರೂ ಸೂಕ್ಷ್ಮದ ವಿಷಯ. ಅತ್ತೆಯೋ ಚಿಕ್ಕಮ್ಮನೋ ಬಾಯಿಬಿಟ್ಟು ಹಣ ಕೇಳುವುದಿಲ್ಲ, ನಾವೂ ಕೊಡುವುದಿಲ್ಲ, ಆರು ತಿಂಗಳಿನಲ್ಲಿ ಎರಡೂ ಕಡೆ ಮುಖ ಸಣ್ಣದಾಗುತ್ತದೆ. ಅಲ್ಲಿರುವುದೇ ಆದರೆ ಅಕ್ಕಿ, ಕಾಯಿ, ಬೆಲ್ಲ ಎಂದು ತಿಂಗಳಿಗೆ ಇಷ್ಟು ಎಂಬುದನ್ನು ಹಿರಿಯರು ಮೊದಲೇ ಮಾತನಾಡಿ ಗೊತ್ತುಮಾಡಲಿ. ಪಿಜಿ ಅಥವಾ ರೂಮು ನೋಡುವವರು ಬಿಸಿಲಿನಲ್ಲಿ ಹೋಗಿ ಗೋಡೆಯ ಕೆಳಭಾಗವನ್ನು ನೋಡಬೇಕು. ಸುಣ್ಣ ಉದುರಿ ಉಬ್ಬಿದ ಗೆರೆಯೊಂದು ಕಂಡರೆ ಹೋದ ಮಳೆಗಾಲದಲ್ಲಿ ಅಲ್ಲಿಯವರೆಗೆ ತೇವ ಏರಿತ್ತೆಂದು ಅರ್ಥ, ಮೇಲೆ ಹೊಸ ಬಣ್ಣ ಬಳಿದಿದ್ದರೂ ಅದು ಮುಚ್ಚುವುದಿಲ್ಲ.

ಬಟ್ಟೆ ಮತ್ತು ಸಾಮಾನು

ಹೊಸ ಜೀನ್ಸ್ ಕೊಳ್ಳುವ ಆಸೆ ಸಹಜವಾದರೂ, ಜುಲೈನಲ್ಲಿ ತೊಳೆದ ಜೀನ್ಸ್ ನಾಲ್ಕು ದಿನವಾದರೂ ಒಣಗದೆ ವಾಸನೆ ಹಿಡಿಯುತ್ತದೆ. ಮನೆಯಲ್ಲಾದರೆ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವ ಉಪಾಯವಿದೆ, ಹಾಸ್ಟೆಲಿನಲ್ಲಿ ಅದಿಲ್ಲ. ತೆಳ್ಳನೆಯ, ಬೇಗ ಒಣಗುವ ಬಟ್ಟೆ ಮತ್ತು ಎಂದಿಗಿಂತ ಹೆಚ್ಚು ಜೊತೆ ಒಳಉಡುಪು ಬೇಕು. ಚರ್ಮದ ಬೆಲ್ಟು ಮತ್ತು ಬೂಟು ಬೂಷ್ಟು ಹಿಡಿಯುತ್ತವೆ. ನೀರು ಹಿಡಿಯದ ಪ್ಲಾಸ್ಟಿಕ್ ಚಪ್ಪಲಿಯೇ ಸಾಕು. ಒಂದು ಗಟ್ಟಿ ಕೊಡೆ, ಬ್ಯಾಗಿನ ಮೇಲೆ ಹೊದಿಸುವ ಕವರು, ಬಟ್ಟೆ ಕಟ್ಟುವ ಹಗ್ಗ, ಸಣ್ಣ ಟಾರ್ಚು, ಬೀಗ, ಎರಡು ಹೊದಿಕೆ ಮತ್ತು ಜ್ವರ ನೆಗಡಿಯ ಮಾತ್ರೆ ಇಷ್ಟಿದ್ದರೆ ಉಳಿದದ್ದು ಗಾಂಧಿ ಬಜಾರಿನಲ್ಲಿ ಸಿಗುತ್ತದೆ. ಬಟ್ಟೆ ತೊಳೆಯುವುದು, ಅನ್ನ ಮಾಡುವುದು, ಗುಂಡಿ ಹೊಲಿಯುವುದು, ಬ್ಯಾಂಕಿನಲ್ಲಿ ಚಲನ್ ತುಂಬುವುದು ಇವನ್ನು ಈ ಬೇಸಿಗೆಯಲ್ಲಿಯೇ ಕಲಿಯಬೇಕು. ಗಂಡುಮಕ್ಕಳಿಗೆ ಈ ಮಾತನ್ನು ಎರಡು ಸಲ ಹೇಳಬೇಕಾಗುತ್ತದೆ.

ಸೇರಿದ ಮೇಲೆ

ಮೊದಲ ವಾರದಲ್ಲಿ ಕಾಲೇಜಿನ ಕಚೇರಿ, ಗ್ರಂಥಾಲಯ ಮತ್ತು ನೋಟಿಸ್ ಬೋರ್ಡು ಈ ಮೂರನ್ನು ಗುರುತಿಸಿಕೊಳ್ಳಬೇಕು. ಕಚೇರಿಯ ಗುಮಾಸ್ತರ ಬಳಿ ಜನಜಂಗುಳಿಯಿಲ್ಲದ ಹೊತ್ತಿನಲ್ಲಿ ಹೋಗಿ ಹೆಸರು, ಊರು ಹೇಳಿ ನಮಸ್ಕಾರ ಮಾಡಿ ಬಂದ ವಿದ್ಯಾರ್ಥಿಯ ಕೆಲಸ ಮುಂದೆ ಬೇಗ ಆಗುತ್ತದೆ. ಹಾಜರಿ ಸಾಮಾನ್ಯವಾಗಿ ಶೇಕಡಾ 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಮತ್ತು ಈ ಲೆಕ್ಕ ಪ್ರತಿ ವಿಷಯಕ್ಕೂ ಪ್ರತ್ಯೇಕ. ಜ್ವರ ಬಂದು ಮನೆಗೆ ಹೋದರೆ ವೈದ್ಯರ ಚೀಟಿಯನ್ನು ಹಿಂದಿರುಗಿದ ದಿನವೇ ಕೊಡಬೇಕು.

ಕನ್ನಡ ಮಾಧ್ಯಮದಿಂದ ಬಂದು ವಿಜ್ಞಾನ ಅಥವಾ ಎಂಜಿನಿಯರಿಂಗ್ ಸೇರಿದವರಿಗೆ ಪಿಯುವಿನಲ್ಲಿಯೇ ಇಂಗ್ಲಿಷಿನ ಪೆಟ್ಟು ಬಿದ್ದಿರುತ್ತದೆ. ಆದರೆ ಪಿಯುವಿನಲ್ಲಿ ನೋಟ್ಸ್ ಬರೆಸುತ್ತಿದ್ದರು, ಇಲ್ಲಿ ಮಾತನಾಡುತ್ತಾ ಹೋಗುತ್ತಾರೆ. ಬೇಸಿಗೆಯಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರಿಂದ ಮೊದಲ ಸೆಮಿಸ್ಟರಿನ ಒಂದು ಪುಸ್ತಕ ತಂದು, ಮೊದಲ ಅಧ್ಯಾಯವನ್ನು ಮಾತ್ರ ಗಟ್ಟಿಯಾಗಿ ಓದಿ, ಅರ್ಥವಾಗದ ಪದಗಳಿಗೆ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡರೆ ಸಾಕು. ಪುಸ್ತಕ ಪೂರ್ತಿ ಓದುತ್ತೇನೆಂದು ಹೊರಟವರು ಮೂರನೆಯ ಪುಟದಲ್ಲಿ ಬಿಡುತ್ತಾರೆ. ತರಗತಿಯಲ್ಲಿ ಸಂದೇಹವನ್ನು ಕನ್ನಡದಲ್ಲಿ ಕೇಳುವುದಕ್ಕೆ ಸಂಕೋಚ ಬೇಡ. ಶಿವಮೊಗ್ಗದ ಅಧ್ಯಾಪಕರಲ್ಲಿ ಬಹಳ ಮಂದಿ ಇದೇ ದಾರಿಯಲ್ಲಿ ಬಂದವರು.

ಹಾಸ್ಟೆಲಿನಲ್ಲಿ ಶಿಕಾರಿಪುರ, ಸೊರಬ, ಚನ್ನಗಿರಿ, ದಾವಣಗೆರೆಗಳ ಹುಡುಗರು ಸೇರಿರುತ್ತಾರೆ. ರೊಟ್ಟಿ ಉಣ್ಣುವವರಿಗೆ ಅನ್ನ ಸಾಲದು, ನಮಗೆ ರೊಟ್ಟಿ ಇಳಿಯದು. ಮನೆಯಿಂದ ತಂದ ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಬೀರುವಿನಲ್ಲಿ ಬಚ್ಚಿಡದೆ ಊಟದ ಮೇಜಿಗೆ ತಂದರೆ ಗೆಳೆತನಕ್ಕೆ ಬೇರೆ ಪೀಠಿಕೆ ಬೇಕಾಗುವುದಿಲ್ಲ. ಮನೆಯ ನೆನಪು ಎಲ್ಲರನ್ನೂ ಕಾಡುತ್ತದೆ, ಸಂಜೆಯ ಮಳೆಗೆ ಇನ್ನಷ್ಟು. ಆದರೂ ಮೊದಲ ತಿಂಗಳು ಪ್ರತಿ ಶನಿವಾರ ಊರಿನ ಬಸ್ಸು ಹತ್ತಬಾರದು. ಹಾಸ್ಟೆಲಿನಲ್ಲಿ ಗೆಳೆತನಗಳು ಕುದುರುವುದು ಭಾನುವಾರಗಳಲ್ಲಿ. ಚೌತಿ ಹಬ್ಬಕ್ಕೆ ಹೇಗೂ ಹೋಗುವುದಿದೆ.

ರ‍್ಯಾಗಿಂಗ್ ವಿಷಯದಲ್ಲಿ ಮೃದುವಾಗಿರಬೇಕಾಗಿಲ್ಲ. ಪ್ರವೇಶದ ಸಮಯದಲ್ಲಿ ವಿದ್ಯಾರ್ಥಿ ಮತ್ತು ಪೋಷಕರು ಮುಚ್ಚಳಿಕೆ ಬರೆದುಕೊಡುವ ನಿಯಮ ಯುಜಿಸಿಯ 2009ರ ನಿಬಂಧನೆಗಳಿಂದ ಬಂದದ್ದು. ಊರು, ಹೆಸರು ಕೇಳಿ ಮಾತನಾಡಿಸುವ ಹಿರಿಯರಿಗೆ ಹೆದರುವುದು ಬೇಡ. ಆದರೆ ಹಣ ಕೇಳಿದರೆ, ರಾತ್ರಿ ಕೋಣೆಗೆ ಕರೆದರೆ, ಅವಮಾನಿಸಿದರೆ ವಾರ್ಡನ್‌ಗೆ ಮತ್ತು ಮನೆಗೆ ಅದೇ ದಿನ ತಿಳಿಸಬೇಕು. 1800-180-5522 ಎಂಬ ರಾಷ್ಟ್ರೀಯ ಸಹಾಯವಾಣಿ ಹಗಲು ರಾತ್ರಿ ಕೆಲಸ ಮಾಡುತ್ತದೆ.

ಇನ್ನು ವಿದ್ಯಾರ್ಥಿವೇತನ. ಎಸ್‌ಎಸ್‌ಪಿ ಅರ್ಜಿಗೆ ಕಾಲೇಜಿನ ನೋಂದಣಿ ಸಂಖ್ಯೆ ಮತ್ತು ಶುಲ್ಕದ ರಸೀದಿ ಬೇಕಾಗುವುದರಿಂದ ಅದನ್ನು ಬೇಸಿಗೆಯಲ್ಲಿ ಹಾಕಲು ಆಗುವುದಿಲ್ಲ. ನೋಂದಣಿ ಸಂಖ್ಯೆ ಕೈಗೆ ಬಂದ ವಾರವೇ, ಮೊದಲು ಬರೆದಿಟ್ಟುಕೊಂಡ ಆರ್‌ಡಿ ಸಂಖ್ಯೆಗಳೊಂದಿಗೆ ಕುಳಿತು ಮುಗಿಸಿಬಿಡಿ. ಕೊನೆಯ ದಿನಾಂಕ ಮುಂದಕ್ಕೆ ಹೋಗುತ್ತದೆಂದು ಕಾಯುವವರು ಪ್ರತಿ ವರ್ಷವೂ ಇರುತ್ತಾರೆ. ಅರ್ಜಿ ಸಲ್ಲಿಸಿದ ಮೇಲೆ ಬರುವ ಸ್ವೀಕೃತಿಯ ಮುದ್ರಿತ ಪ್ರತಿಯನ್ನು, ಅಗತ್ಯ ದಾಖಲೆಗಳ ಜೆರಾಕ್ಸ್ ಜೊತೆಗೆ, ಕಾಲೇಜಿನಲ್ಲಿ ವಿದ್ಯಾರ್ಥಿವೇತನ ನೋಡಿಕೊಳ್ಳುವವರಿಗೆ ತಲುಪಿಸಿ, ಅವರ ವಹಿಯಲ್ಲಿ ನಿಮ್ಮ ಹೆಸರಿನ ಮುಂದೆ ಸಹಿ ಹಾಕಿ ಬರಬೇಕು.